ಎರಡು ಎಲೆ, ಒಂದು ಅಡಿಕೆ

ಹತ್ತನೆಯ ತರಗತಿವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ ಮೈಸೂರಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದೆ. ಮೊದಲ ಕಿರುಪರೀಕ್ಷೆಯಲ್ಲೇ ಒಂದು ಪ್ರಶ್ನೆ ಕೈಕೊಟ್ಟಿತು. ಅರ್ಧ ಮೋಲ್ ಆಕ್ಸಿಜನ್ ಅನಿಲದಲ್ಲಿ ‘ಆಟಮ್’ಗಳು ಎಷ್ಟು? 6.022 × 10²³ರಲ್ಲಿ ಅರ್ಧ, 3.011 × 10²³ ಎಂದು ಬರೆದೆ. ಲೆಕ್ಕ ಸರಿ, ಉತ್ತರ ತಪ್ಪು. ಅವು ಅಣುಗಳು, ಪ್ರತಿ ಅಣುವಿನಲ್ಲೂ ಎರಡು ಪರಮಾಣು.

ಆಟಮ್ ಎಂದಾಗ ನನ್ನ ಮನಸ್ಸಿಗೆ ಬಂದ ಕನ್ನಡ ಪದ ‘ಅಣು’. ಪಠ್ಯದಲ್ಲಿ ಅಣು ಎಂದರೆ ಮಾಲಿಕ್ಯೂಲ್, ಆಟಮ್ ಎಂದರೆ ಪರಮಾಣು. ಆದರೆ ಪತ್ರಿಕೆಯಲ್ಲಿ ಓದುತ್ತಿದ್ದದ್ದು ಅಣುಬಾಂಬ್, ಅಣುಶಕ್ತಿ, ಅಣುಸ್ಥಾವರ. ಅಲ್ಲೆಲ್ಲ ಅಣು ಎಂದರೆ ಆಟಮ್ಮೇ. ಈಗ ನಾನು ಪಾಠ ಹೇಳಿಕೊಡುವ ಮಕ್ಕಳೂ ಇಲ್ಲೇ ಎಡವುತ್ತಾರೆ. ಅವರನ್ನು ದಡ್ಡರೆನ್ನಲು ನನಗೆ ಬಾಯಿ ಬರುವುದಿಲ್ಲ.

ನನಗೆ ಈ ಗೊಂದಲ ಬಗೆಹರಿದದ್ದು ವರಮಹಾಲಕ್ಷ್ಮಿ ಹಬ್ಬದ ದಿನ. ದೇವರಾಜ ಮಾರುಕಟ್ಟೆಯಿಂದ ತಂದ ಮೈಸೂರು ವೀಳ್ಯದೆಲೆಯ ಕಟ್ಟನ್ನು ಸೋದರತ್ತೆ ಬಿಚ್ಚುತ್ತಿದ್ದರು. “ಹನ್ನೆರಡು ಜನ ಮುತ್ತೈದೆಯರು ಪುಟ್ಟಿ, ಎಲೆ ಎಣಿಸಿಡು” ಅಂದರು. ಕೇಳದೆಯೇ ಇಪ್ಪತ್ತನಾಲ್ಕು ಎಲೆ ತೆಗೆದಿಟ್ಟೆ. ಒಂದು ತಾಂಬೂಲಕ್ಕೆ ಎರಡು ಎಲೆ, ಒಂದು ಅಡಿಕೆ. ಒಂದು ಡಜನ್ ತಾಂಬೂಲ ಎಂದರೆ ಎರಡು ಡಜನ್ ಎಲೆ, ಒಂದು ಡಜನ್ ಅಡಿಕೆ. ನೀರಿನ ಅಣುವೂ ಹೀಗೇ ಅಲ್ಲವೆ? ಒಂದು ಮೋಲ್ ನೀರಿನಲ್ಲಿ ಎರಡು ಮೋಲ್ ಹೈಡ್ರೋಜನ್ ಪರಮಾಣು, ಒಂದು ಮೋಲ್ ಆಕ್ಸಿಜನ್ ಪರಮಾಣು. ತಾಂಬೂಲ ಎಷ್ಟು ಎಂಬುದು ಒಂದು ಪ್ರಶ್ನೆ, ಎಲೆ ಎಷ್ಟು ಎಂಬುದು ಇನ್ನೊಂದು.

ನಾವು ಓದುವಾಗ ಮೋಲ್‌ನ ವ್ಯಾಖ್ಯೆ 12 ಗ್ರಾಂ ಕಾರ್ಬನ್-12ಕ್ಕೆ ಕಟ್ಟುಬಿದ್ದಿತ್ತು. ಹಾಗಾಗಿ ಅದೊಂದು ತೂಕವೆಂದೇ ಬಹಳ ದಿನ ತಿಳಿದಿದ್ದೆ. 2019ರ ಮೇ 20ರಿಂದ ಅದು ನೇರವಾಗಿ ಎಣಿಕೆ: 6.02214076 × 10²³. ನಮ್ಮ ಮಾತಿನಲ್ಲಿ ಹೇಳುವುದಾದರೆ ಸುಮಾರು 602 ಕೋಟಿ ಕೋಟಿ ಕೋಟಿ. ಅಷ್ಟು ನೀರಿನ ಅಣುಗಳ ತೂಕ 18 ಗ್ರಾಂ, ಒಂದು ಗುಟುಕು. ಆ ಗುಟುಕನ್ನು ಲೋಟದಲ್ಲಿ ಅಳೆದು ತೋರಿಸದೆ ನಾನು ಈ ಪಾಠ ಶುರು ಮಾಡುವುದೇ ಇಲ್ಲ.

ಗುಣಿಸಬೇಕೋ ಭಾಗಿಸಬೇಕೋ ಎಂಬುದು ಮಕ್ಕಳ ಇನ್ನೊಂದು ಗೊಂದಲ. ಮೋಲ್‌ನಿಂದ ಕಣಕ್ಕೆ ಹೋಗಲು ಗುಣಾಕಾರ, ಕಣದಿಂದ ಮೋಲ್‌ಗೆ ಭಾಗಾಕಾರ. 1.2044 × 10²⁴ ನೀರಿನ ಅಣುಗಳು ಎಷ್ಟು ಮೋಲ್ ಎಂದರೆ, ಭಾಗಿಸುವ ಬದಲು ಗುಣಿಸಿ 7.25 × 10⁴⁷ ಮೋಲ್ ಎಂದು ಬರೆದವರಿದ್ದಾರೆ. ಭೂಮಿಯ ಎಲ್ಲ ಸಮುದ್ರಗಳ ನೀರನ್ನು ಒಟ್ಟು ಮಾಡಿದರೂ ಅಣುಗಳೇ ಸುಮಾರು 5 × 10⁴⁶ ಇದ್ದಾವು, ಮೋಲ್‌ಗಳ ಮಾತು ಬಿಡಿ. ಇದನ್ನು ಹೇಳಿದರೆ ಸಾಕು, ತಾವೇ ಅಳಿಸಿ 2 ಎಂದು ಬರೆಯುತ್ತಾರೆ.

ಉಪ್ಪಿನ ಹತ್ತಿರ ಮಾತ್ರ ತಾಂಬೂಲ ಸೋಲುತ್ತದೆ. 58.5 ಗ್ರಾಂ ಉಪ್ಪಿನಲ್ಲಿ ಒಂದು ಮೋಲ್ ಸೋಡಿಯಂ ಅಯಾನು, ಒಂದು ಮೋಲ್ ಕ್ಲೋರೈಡ್ ಅಯಾನು ಇವೆ. ಇದು ಅದರ ಜೋಡಿ ಎಂದು ಬೇರ್ಪಡಿಸಬಲ್ಲ ಅಣು ಹರಳಿನಲ್ಲಿಲ್ಲ. ಆ ಪಾಠದ ದಿನ ಮಾರುಕಟ್ಟೆಯಿಂದ ಒಂದು ಮೊಳ ಹೂ ತರುತ್ತೇನೆ, ಮಲ್ಲಿಗೆ ಕನಕಾಂಬರ ಒಂದಾದ ಮೇಲೊಂದು ಕಟ್ಟಿದ್ದು. “ಈ ಮಲ್ಲಿಗೆಗೆ ಜೋಡಿ ಎಡಗಡೆಯ ಕನಕಾಂಬರವೋ, ಬಲಗಡೆಯದೋ?” ಎಂದು ಕೇಳಿ ಮಾಲೆಯನ್ನು ಮಕ್ಕಳ ಕೈಗೆ ಕೊಡುತ್ತೇನೆ.