ಮಕ್ಕಳ ಮಿದುಳು ಪೊರೆಯ ಜ್ವರ: ಮಾಡಬೇಕಾದ್ದು, ಮಾಡಬಾರದ್ದು

ಅನಂತಪುರ, ಅಥಣಿ, ಕಾಗವಾಡ ಭಾಗದ ಪಾಲಕರು, ಆಶಾ ಕಾರ್ಯಕರ್ತೆಯರು, ಆಸ್ಪತ್ರೆ ಮತ್ತು ಲ್ಯಾಬ್ ಸಿಬ್ಬಂದಿ ಗಮನಿಸಿ.

ಮೆನಿಂಗೊಕಾಕಸ್ ಬ್ಯಾಕ್ಟೀರಿಯಾ ಮಗುವಿನ ರಕ್ತಕ್ಕೋ ಮಿದುಳಿನ ಪೊರೆಗೋ ಇಳಿದರೆ ಒಂದೇ ದಿನದಲ್ಲಿ ಜೀವ ತೆಗೆಯಬಲ್ಲದು. ಕೆಮ್ಮು, ಸೀನು, ಎಂಜಲಿನಿಂದ ಹರಡುತ್ತದೆ. ಚಳಿಗಾಲದಲ್ಲಿ, ಜನ ಒತ್ತೊತ್ತಾಗಿ ಮಲಗುವ ಕಡೆ ಅಪಾಯ ಹೆಚ್ಚು. ಕಬ್ಬು ಕಡಿಯುವ ಗ್ಯಾಂಗುಗಳ ಗುಡಿಸಲು ಏಳುವುದೂ ಇದೇ ಹಂಗಾಮಿನಲ್ಲಿ; ಅಲ್ಲಿನ ಮಕ್ಕಳನ್ನು ಮರೆಯಬೇಡಿ.

ಮಾಡಬೇಕಾದ್ದು

1. ಜ್ವರದ ಜೊತೆ ಕುತ್ತಿಗೆ ಸೆಟೆತ, ವಾಂತಿ, ಮಂಪರು, ಫಿಟ್ಸ್ ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ. ಹಸುಗೂಸಿನ ಕುತ್ತಿಗೆ ಸೆಟೆಯದೇ ಇರಬಹುದು. ಉಬ್ಬಿದ ನೆತ್ತಿ, ಕೀರಲು ಅಳು, ಹಾಲು ಕುಡಿಯದಿರುವುದನ್ನು ಗಮನಿಸಿ.

2. ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆ ಎದ್ದರೆ ಗಾಜಿನ ಲೋಟ ಒತ್ತಿ ನೋಡಿ. ಮಾಸದಿದ್ದರೆ ತುರ್ತು. ಕಪ್ಪು ಮೈಬಣ್ಣದ ಮಗುವಾದರೆ ಅಂಗೈ, ಅಂಗಾಲು, ಕಣ್ಣೆವೆಯ ಒಳಭಾಗ ನೋಡಿ.

3. ಸಾಧ್ಯವಿದ್ದರೆ ಆಂಟಿಬಯಾಟಿಕ್ ಕೊಡುವ ಮುನ್ನವೇ ಬ್ಲಡ್ ಕಲ್ಚರ್ ತೆಗೆಯಿರಿ. ಬೆನ್ನುಹುರಿಯ ನೀರು, ಅಂದರೆ ಸಿಎಸ್‌ಎಫ್ ತೆಗೆದರೆ ಅದೇ ಹೊತ್ತಿಗೆ ರಕ್ತದ ಸಕ್ಕರೆಯನ್ನೂ ಅಳೆಯಿರಿ.

4. ಸಿಎಸ್‌ಎಫ್ ಒಂದು ಗಂಟೆಯೊಳಗೆ ಲ್ಯಾಬ್ ಸೇರಲಿ. ಗ್ರಾಂ ಸ್ಟೇನ್ ಆಗಲೇ ಮಾಡಿ. ಗುಲಾಬಿ ಬಣ್ಣದ ಜೋಡಿ ಕಾಳುಗಳು ಕಂಡರೆ ವೈದ್ಯರಿಗೆ ಫೋನಿನಲ್ಲೇ ತಿಳಿಸಿ.

5. ಆಂಟಿಬಯಾಟಿಕ್ ಆಗಲೇ ಕೊಟ್ಟಿದ್ದರೆ ಸ್ಯಾಂಪಲ್ ಅನ್ನು ಪಿಸಿಆರ್‌ಗೆ ಕಳಿಸಿ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಅದು ಹಿಡಿಯುತ್ತದೆ. ಮೆನಿಂಗೊಕಾಕಸ್ ಯಾವ ಗುಂಪಿನದೆಂದು ಕೇಳಿ ಬರೆಸಿಕೊಳ್ಳಿ. ದೆಹಲಿಯಲ್ಲಿ 1966, 1985 ಮತ್ತು 2005ರಲ್ಲಿ ಹಬ್ಬಿದ್ದು ಎ ಗುಂಪು. ಆಫ್ರಿಕಾದಲ್ಲಿ 2010ರಿಂದ ಲಸಿಕೆ ಹಾಕಿ ಎ ಗುಂಪನ್ನು ಅಡಗಿಸಿದ ಮೇಲೆ ಸಿ, ಡಬ್ಲ್ಯೂ, ಎಕ್ಸ್ ಗುಂಪುಗಳು ಮುಂದೆ ಬಂದವು. ಯಾವ ಲಸಿಕೆ ಬೇಕೆಂಬುದು ಈ ಗುರುತಿನ ಮೇಲೆಯೇ ನಿಂತಿದೆ.

6. ರೋಗಿಯ ಮನೆಯವರಿಗೆ, ಹತ್ತಿರ ಇದ್ದವರಿಗೆ ವೈದ್ಯರು ಬರೆದ ಮುನ್ನೆಚ್ಚರಿಕೆಯ ಔಷಧ ಕೊಡಿಸಿ.

ಮಾಡಬಾರದ್ದು

1. ಸ್ಯಾಂಪಲ್‌ಗಾಗಲಿ ವರದಿಗಾಗಲಿ ಕಾದು ಮೊದಲ ಇಂಜೆಕ್ಷನ್ ತಡಮಾಡಬೇಡಿ. ಮಗು ಶಾಕ್‌ನಲ್ಲಿದ್ದರೆ, ಮಿದುಳಿನ ಒತ್ತಡ ಏರಿದ್ದರೆ ಬೆನ್ನಿಗೆ ಸೂಜಿ ಹಾಕುವುದನ್ನು ಮುಂದೂಡಿ, ಔಷಧವನ್ನಲ್ಲ.

2. ಕಲ್ಚರ್‌ಗೆ ಹೋಗುವ ಸಿಎಸ್‌ಎಫ್ ಅನ್ನು ಫ್ರಿಜ್‌ನಲ್ಲಿ, ಲಸಿಕೆಯ ಐಸ್ ಡಬ್ಬಿಯಲ್ಲಿ ಇಡಬೇಡಿ. ತಂಪಿಗೆ ಈ ಬ್ಯಾಕ್ಟೀರಿಯಾ ಸಾಯುತ್ತದೆ.

3. ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲವೆಂದು ರೋಗವಿಲ್ಲ ಎನ್ನಬೇಡಿ. ಮೊದಲ ಡೋಸ್ ಆದ ಒಂದೆರಡು ಗಂಟೆಯಲ್ಲೇ ಬೆಳೆಯದೇ ಹೋಗಬಹುದು.

4. ಬರೆ ಹಾಕಿಸಬೇಡಿ. ಮೆಡಿಕಲ್ ಅಂಗಡಿಯ ಗುಳಿಗೆ ನಂಬಿ ರಾತ್ರಿ ಕಳೆಯಬೇಡಿ.

5. ಪೆಂಟಾವಲೆಂಟ್, ಪಿಸಿವಿ ಲಸಿಕೆ ಹಾಕಿಸಿದ್ದೇವೆಂದು ನಿಶ್ಚಿಂತರಾಗಬೇಡಿ. ಅವು ಹಿಬ್ ಮತ್ತು ನ್ಯುಮೊಕಾಕಸ್ ಎಂಬ ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ, ಮೆನಿಂಗೊಕಾಕಸ್ ಅನ್ನಲ್ಲ.

ಅನುಮಾನ ಬಂದ ದಿನವೇ ತಾಲೂಕು ಆರೋಗ್ಯಾಧಿಕಾರಿಗೆ ತಿಳಿಸಿ. ಲ್ಯಾಬ್ ಖಚಿತಪಡಿಸಲಿ ಎಂದು ಕಾಯಬೇಡಿ.