ಮನೆಯ ಲೆಕ್ಕವೂ ಅಂಗಡಿಯ ಕಡತವೂ

ಗೃಹಸ್ಥನಾದವನು ತನ್ನ ಆದಾಯವೆಷ್ಟೆಂಬುದನ್ನು ಆಪ್ತರ ಮುಂದೆ ಹೇಳಿಕೊಂಡರೂ ಹೇಳಿಕೊಂಡಾನು. ವೆಚ್ಚದ ವಿವರವನ್ನು ಮಾತ್ರ ಸುಲಭವಾಗಿ ಬಿಟ್ಟುಕೊಡಲಾರನು. ಸಂಬಳದ ಅಂಕಿಯಿಂದ ತಿಳಿಯುವುದು ಆತನ ಅಂತಸ್ತು ಮಾತ್ರ. ಆತನ ಮನೆಗೆ ತಿಂಗಳಿಗೆ ಎಷ್ಟು ಅಕ್ಕಿ, ಎಷ್ಟು ಸಕ್ಕರೆ, ಯಾವ ಎಣ್ಣೆ ಬರುತ್ತದೆ, ಉಪವಾಸದ ದಿನಗಳಲ್ಲಿ ಏನು ಬರುತ್ತದೆ, ಹಬ್ಬದ ಮುನ್ನಾದಿನ ಏನು ಬರುತ್ತದೆ ಎಂಬುದನ್ನು ಕ್ರಮವಾಗಿ ಬರೆದಿಟ್ಟು ಓದಬಲ್ಲವನಿಗಾದರೋ, ಆ ಮನೆಯಲ್ಲಿ ಉಣ್ಣುವವರು ಎಷ್ಟು ಮಂದಿ, ಅವರಲ್ಲಿ ಹಸುಳೆಗಳೆಷ್ಟು, ವೃದ್ಧರೆಷ್ಟು, ಮಧುಮೇಹವುಳ್ಳವರು ಇರುವರೋ ಇಲ್ಲವೋ, ಅವರ ಮತಾಚಾರಗಳೇನು, ಈ ವರ್ಷ ಆ ಸಂಸಾರದ ಕೈ ಸಡಿಲವಾಗಿದೆಯೋ ಬಿಗಿಯಾಗಿದೆಯೋ ಎಂಬ ಸಮಸ್ತ ವೃತ್ತಾಂತವೂ ಕರತಲಾಮಲಕವಾಗುತ್ತದೆ. ನನ್ನ ತಂದೆಯವರು ದಿನವಹಿ ಖರ್ಚಿನ ಪುಸ್ತಕವನ್ನು ಮನೆಯ ಪತ್ರಗಳೊಡನೆಯೂ ಜಾತಕಗಳೊಡನೆಯೂ ಒಂದೇ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಅದರಲ್ಲಿ ಬರೆದಿದ್ದ ಮೊಬಲಗು ದೊಡ್ಡದೇನೂ ಆಗಿರಲಿಲ್ಲ.

ಅಂಥದೊಂದು ಪುಸ್ತಕವನ್ನು ಬರೆಯುವ ಅಭ್ಯಾಸವನ್ನು ನಮ್ಮಲ್ಲಿ ಬಹುಮಂದಿ ಬಿಟ್ಟು ಬಹುಕಾಲವಾಯಿತು. ನಾವು ಬಿಟ್ಟ ಕೆಲಸವನ್ನು ಸೂಪರ್ ಮಾರ್ಕೆಟ್ಟುಗಳು ಕೈಗೆತ್ತಿಕೊಂಡಿವೆ. ಮೊದಮೊದಲು ಅದಕ್ಕಾಗಿ ಪ್ಲಾಸ್ಟಿಕ್ಕಿನ ಕಾರ್ಡೊಂದನ್ನು ಕೊಡುತ್ತಿದ್ದರು. ಈಗ ಬಹಳ ಕಡೆ ಮೊಬೈಲ್ ಸಂಖ್ಯೆಯೇ ಕಾರ್ಡಾಗಿ ಪರಿಣಮಿಸಿದೆ. ನಮ್ಮ ಬಡಾವಣೆಯ ಅಂಗಡಿಯಲ್ಲಿ ಬಿಲ್ಲು ಹಾಕುವ ಹುಡುಗಿ ತಲೆಯೆತ್ತದೆಯೇ “ಸಾರ್, ನಂಬರ್ ಹೇಳಿ” ಎನ್ನುವಳು. ಸಾಲಿನಲ್ಲಿ ಹಿಂದೆ ನಿಂತ ಅಷ್ಟು ಜನರಿಗೂ ಕೇಳುವಂತೆ ಹತ್ತು ಅಂಕಿಗಳನ್ನು ಒಪ್ಪಿಸುವುದು ನಮ್ಮ ಪದ್ಧತಿಯಾಗಿದೆ. ಒಮ್ಮೆ ನಾನು “ಬೇಡಮ್ಮಾ, ನಂಬರ್ ಇಲ್ಲದೇನೇ ಬಿಲ್ ಹಾಕು” ಎಂದಾಗ, “ನಂಬರ್ ಹಾಕ್ದೇ ಇದ್ರೆ ಬಿಲ್ಲೇ ಓಪನ್ ಆಗಲ್ಲ ಸಾರ್” ಎಂದವಳು, ನನ್ನ ಮುಖವನ್ನೊಮ್ಮೆ ನೋಡಿ, ಹತ್ತು ಸಲ ಒಂಬತ್ತನ್ನು ಒತ್ತಿ ಮುಂದಕ್ಕೆ ಹೋದಳು. ಯಂತ್ರಕ್ಕೆ ಬೇಕಾಗಿದ್ದುದು ಹತ್ತು ಅಂಕಿಗಳು ಮಾತ್ರವೇ ಹೊರತು ನಾನಲ್ಲವೆಂಬುದು ಅಲ್ಲಿಗೆ ಸಿದ್ಧವಾಯಿತು.

ಹಣದ ವಿಷಯವಾದುದರಿಂದ ಮೊದಲು ಲೆಕ್ಕವನ್ನೇ ನೋಡೋಣ. ನಮ್ಮ ಅಂಗಡಿಯ ಕ್ರಮದಲ್ಲಿ 100 ರೂಪಾಯಿ ಖರೀದಿಗೆ ಒಂದು ಪಾಯಿಂಟು, ಪಾಯಿಂಟಿಗೆ 50 ಪೈಸೆ. ನಮ್ಮ ಮನೆಯ ದಿನಸಿಯ ವೆಚ್ಚ ತಿಂಗಳಿಗೆ 9,000 ರೂಪಾಯಿಯ ಆಸುಪಾಸಿನಲ್ಲಿರುವುದರಿಂದ, ಪ್ರಾಪ್ತಿ ತಿಂಗಳಿಗೆ 45 ರೂಪಾಯಿ, ವರ್ಷಕ್ಕೆ 540. ಇದರಲ್ಲಿಯೂ ಅಕ್ಕಿ, ಸಕ್ಕರೆ, ಎಣ್ಣೆಗಳಿಗೆ ಪಾಯಿಂಟು ಇಲ್ಲವೆಂಬ ನಿಬಂಧನೆಯಿಂದ ಅರ್ಧಾಂಶ ಕಳೆದುಹೋಗುತ್ತದೆ. ಉಳಿದುದೂ ಅವಧಿ ಮೀರಿದರೆ ನಷ್ಟವಾಗುತ್ತದೆ. ಬಿಲ್ಲಿನ ಕೊನೆಗೆ “ನೀವು ಇಂದು ಉಳಿಸಿದ್ದು” ಎಂದು ದಪ್ಪಕ್ಷರದಲ್ಲಿ ಮುದ್ರಿತವಾಗಿರುವ ಮೊತ್ತವು ಇದಕ್ಕಿಂತ ಬಹಳ ದೊಡ್ಡದಾಗಿರುತ್ತದೆಂಬುದು ನಿಜ. ಆದರೆ ಆ ಉಳಿತಾಯವನ್ನು ಅಳೆದಿರುವುದು ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯಿಂದ. ಅದಕ್ಕಿಂತ ಹೆಚ್ಚಿಗೆ ಯಾರೂ ತೆಗೆದುಕೊಳ್ಳಕೂಡದೆಂಬುದಷ್ಟೇ ಕಾನೂನಿನ ಅಭಿಪ್ರಾಯ. ಅಷ್ಟನ್ನೇ ತೆಗೆದುಕೊಳ್ಳತಕ್ಕದ್ದೆಂಬ ವಿಧಿಯಿಲ್ಲ. ಪಕ್ಕದ ಬೀದಿಯ ಕಿರಾಣಿ ಅಂಗಡಿಯವರೂ ಬಹಳ ಪದಾರ್ಥಗಳನ್ನು ಅದಕ್ಕಿಂತ ಕಡಿಮೆಗೇ ಕೊಡುತ್ತಾರೆ. ಅವರು ಯಾವ ಸಂಖ್ಯೆಯನ್ನೂ ಕೇಳುವುದಿಲ್ಲ.

ಈ ಪಾಯಿಂಟುಗಳು ಬಹುಮಾನವೆಂಬ ಭಾವನೆ ನಮ್ಮಲ್ಲಿ ದೃಢವಾಗಿದೆ. ಜೀವಮಾನದ ಬಹುಭಾಗವನ್ನು ಲೆಕ್ಕಪತ್ರಗಳ ನಡುವೆ ಕಳೆದವನಾದುದರಿಂದ ಈ ವಿಷಯದಲ್ಲಿ ಕಂಪನಿಗಳ ಲೆಕ್ಕಶಾಸ್ತ್ರ ಏನು ಹೇಳುತ್ತದೆಂದು ನೋಡುವುದು ನನಗೆ ಸಹಜ. 2018ರ ಏಪ್ರಿಲ್‌ನಿಂದ ನಮ್ಮ ದೇಶದ ದೊಡ್ಡ ಕಂಪನಿಗಳು ಅನುಸರಿಸುತ್ತಿರುವ ಇಂಡ್ ಎಎಸ್ 115 ಎಂಬ ಲೆಕ್ಕ ಮಾನದಂಡದ ಪ್ರಕಾರ, ಗ್ರಾಹಕನು 100 ರೂಪಾಯಿ ಕೊಟ್ಟು ಪದಾರ್ಥವನ್ನೂ ಅದರೊಡನೆ ಪಾಯಿಂಟನ್ನೂ ಪಡೆದಾಗ, ಕಂಪನಿಯು ಆ ನೂರನ್ನು ಸಂಪೂರ್ಣವಾಗಿ ಅಂದೇ ವರಮಾನವೆಂದು ಬರೆದುಕೊಳ್ಳುವಂತಿಲ್ಲ. ಪಾಯಿಂಟಿನ ಪಾಲಿಗೆ ಬರುವಷ್ಟನ್ನು ಬೇರ್ಪಡಿಸಿ, ಗ್ರಾಹಕನಿಗೆ ಇನ್ನೂ ಸಲ್ಲಬೇಕಾದ ಹೊಣೆಯೆಂದು ತೋರಿಸಬೇಕು. ಪಾಯಿಂಟು ಬಳಕೆಯಾದಾಗಲೋ ಅವಧಿ ತೀರಿದಾಗಲೋ ಅದು ವರಮಾನವಾಗುತ್ತದೆ. ಎಂದರೆ, ಅಂಗಡಿಯವರ ಸ್ವಂತ ಪುಸ್ತಕದ ಪ್ರಕಾರವೇ ಅದರ ಬೆಲೆಯನ್ನು ನಾವು ಮುಂಗಡವಾಗಿ ತೆತ್ತಾಗಿದೆ. ಮುಂಗಡ ತೆತ್ತ ವಸ್ತುವನ್ನು ಪಡೆಯುವುದಕ್ಕಾಗಿ ಮತ್ತೆ ನಮ್ಮ ಸಂಸಾರದ ವೃತ್ತಾಂತವನ್ನೂ ಒಪ್ಪಿಸುವುದು ಯಾವ ವ್ಯಾಪಾರನ್ಯಾಯವೋ ನನಗೆ ತೋರದು.

ಬಾಲ್ಯದಲ್ಲಿ ನಮ್ಮೂರಿನ ಶೆಟ್ಟರ ಅಂಗಡಿಯಲ್ಲಿಯೂ ನಮ್ಮ ಹೆಸರಿನ ಖಾತೆಯಿತ್ತು. ಅವರಿಗೂ ನಮ್ಮ ಮನೆಯ ಸಮಾಚಾರವೆಲ್ಲ ತಿಳಿದಿತ್ತು. ಆದುದರಿಂದ ಇದರಲ್ಲಿ ಹೊಸತೇನೆಂದು ಕೇಳುವವರಿದ್ದಾರೆ. ಶೆಟ್ಟರ ಖಾತೆ ಉದ್ರಿಗಾಗಿ ಹುಟ್ಟಿದ್ದು. ಬಾಕಿ ತೀರಿದ ದಿನ ಅದರ ಮೇಲೆ ಗೀಟು ಬೀಳುತ್ತಿತ್ತು. ಅವರು ನಮ್ಮನ್ನು ಬಲ್ಲಂತೆ ನಾವೂ ಅವರನ್ನು ಬಲ್ಲವರಾಗಿದ್ದೆವು. ಅಳತೆಯಾದ ಮೇಲೆ ಮೇಲಿಷ್ಟು ಕೊಸರು ಹಾಕುತ್ತಿದ್ದರಲ್ಲ, ಅದು ಊರವನಿಗೂ ಸಲ್ಲುತ್ತಿತ್ತು, ದಾರಿಹೋಕನಿಗೂ ಸಲ್ಲುತ್ತಿತ್ತು. ಕೊಸರು ಬೇಕಾದರೆ ಮನೆತನದ ವಿವರ ಬರೆಸೆಂದು ಶೆಟ್ಟರು ಎಂದೂ ಕೇಳಿದವರಲ್ಲ.

ಇಂದಿನ ಕಡತದ ಬೆಲೆಯಿರುವುದು ಒಂದೊಂದು ಬಿಲ್ಲಿನಲ್ಲಲ್ಲ, ಬಿಲ್ಲುಗಳನ್ನು ಪೋಣಿಸುವ ದಾರದಲ್ಲಿ. ಯಾರೋ ಒಬ್ಬರು ಇಂದು ಎರಡು ಕಿಲೋ ರಾಗಿಹಿಟ್ಟು ಕೊಂಡರೆಂಬ ಸಂಗತಿಯಿಂದ ಯಾರಿಗೂ ಏನೂ ಪ್ರಯೋಜನವಿಲ್ಲ. ಅಕ್ಕಿ ಕೊಳ್ಳುತ್ತಿದ್ದ ಮನೆ ರಾಗಿಗೆ ತಿರುಗಿತು, ಅದೇ ತಿಂಗಳಲ್ಲಿ ಸಕ್ಕರೆ ಅರ್ಧವಾಯಿತು ಎಂಬುದನ್ನು ಒಟ್ಟಿಗೆ ಕಂಡವನಿಗೆ ಪ್ರಯೋಜನವುಂಟು. ಈ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ಜಗತ್ತಿಗೆ ದಾರಿ ತೋರಿಸಿದವರಲ್ಲಿ ಬ್ರಿಟನ್ನಿನ ಟೆಸ್ಕೊ ಸಂಸ್ಥೆ ಪ್ರಮುಖವಾದುದು. 1995ರಲ್ಲಿ ಅದು ಕ್ಲಬ್‌ಕಾರ್ಡನ್ನು ದೇಶಾದ್ಯಂತ ಜಾರಿಗೆ ತಂದಿತು. ಅದಕ್ಕೆ ಮೊದಲು ನಡೆಸಿದ ಪ್ರಯೋಗದ ಫಲವನ್ನು ಎಡ್ವಿನಾ ಡನ್ ಮತ್ತು ಕ್ಲೈವ್ ಹಂಬಿ ದಂಪತಿಗಳು ವಿವರಿಸಿದಾಗ, ಅಧ್ಯಕ್ಷರಾಗಿದ್ದ ಮ್ಯಾಕ್‌ಲಾರಿನ್ ಅವರು, ಮೂವತ್ತು ವರ್ಷಗಳಲ್ಲಿ ತಾವು ಅರಿಯದಷ್ಟನ್ನು ಇವರು ಮೂರು ತಿಂಗಳಲ್ಲಿ ಅರಿತದ್ದು ಕಂಡು ದಿಗಿಲಾಗುತ್ತದೆಂದರೆಂಬುದು ಆ ವ್ಯಾಪಾರ ಪ್ರಪಂಚದಲ್ಲಿ ಪ್ರಸಿದ್ಧವಾದ ಮಾತು. ಅಮೆರಿಕದ ಟಾರ್ಗೆಟ್ ಸಂಸ್ಥೆಯು ಸುವಾಸನೆಯಿಲ್ಲದ ಲೇಪನ, ಸುಣ್ಣಾಂಶ ಮತ್ತು ಸತುವಿನ ಮಾತ್ರೆಗಳೇ ಮೊದಲಾದ ಸುಮಾರು 25 ಪದಾರ್ಥಗಳ ಖರೀದಿಯಿಂದ ಯಾವ ಗ್ರಾಹಕಳು ಗರ್ಭಿಣಿಯಾಗಿರಬಹುದೆಂದು ಊಹಿಸುವ ಕ್ರಮವನ್ನು ರೂಪಿಸಿಕೊಂಡಿದ್ದ ಸಂಗತಿ 2012ರಲ್ಲಿ ಅಲ್ಲಿಯ ಪತ್ರಿಕೆಯ ಮೂಲಕ ಲೋಕಕ್ಕೆಲ್ಲ ತಿಳಿಯಿತು.

ಕಡತವೆಂದೊಡನೆ ಕೆಡುಕೆಂದು ತೀರ್ಮಾನಿಸುವುದು ಯುಕ್ತವಲ್ಲ. 2009–10ರಲ್ಲಿ ಅಮೆರಿಕದ 44 ರಾಜ್ಯಗಳಲ್ಲಿ 270ಕ್ಕೂ ಹೆಚ್ಚು ಜನ ಸಾಲ್ಮೊನೆಲ್ಲಾ ರೋಗಾಣುವಿನಿಂದ ಅಸ್ವಸ್ಥರಾದಾಗ, ತಾವು ವಾರಗಳ ಹಿಂದೆ ತಿಂದುದೇನೆಂದು ರೋಗಿಗಳಿಗೇ ನೆನಪಿರಲಿಲ್ಲ. ಅವರ ಅನುಮತಿ ಪಡೆದು ಅಂಗಡಿಯ ಕಾರ್ಡುಗಳ ದಾಖಲೆಯನ್ನು ನೋಡಿದ ಆರೋಗ್ಯಾಧಿಕಾರಿಗಳು, ದೋಷವು ಒಂದು ಬಗೆಯ ಮಾಂಸದ ತಿನಿಸಿಗೆ ಲೇಪಿಸಿದ ಮೆಣಸಿನ ಪುಡಿಯಲ್ಲಿದೆಯೆಂಬುದರ ಜಾಡು ಹಿಡಿದರು. ಅದೇ ದೇಶದಲ್ಲಿ 2004ರಲ್ಲಿ, ವಾಷಿಂಗ್ಟನ್ ರಾಜ್ಯದ ಅಗ್ನಿಶಾಮಕ ನೌಕರನೊಬ್ಬನ ಮನೆಗೆ ಬೆಂಕಿ ಹಚ್ಚುವ ಪ್ರಯತ್ನ ನಡೆದಾಗ, ಅಲ್ಲಿ ದೊರೆತಂಥದೇ ಬೆಂಕಿ ಹೊತ್ತಿಸುವ ಸಾಮಗ್ರಿಯನ್ನು ಆತನ ಕಾರ್ಡಿನ ಮೇಲೆ ಕೊಂಡ ದಾಖಲೆ ಸಿಕ್ಕಿದ್ದರಿಂದ ಆತನನ್ನೇ ಬಂಧಿಸಲಾಯಿತು. ಕೆಲವು ತಿಂಗಳ ಮೇಲೆ ಬೇರೊಬ್ಬನು ತಪ್ಪೊಪ್ಪಿಕೊಂಡಾಗ ಆಪಾದನೆ ಬಿದ್ದುಹೋಯಿತು. ಮೊದಲನೆಯ ಪ್ರಕರಣದಲ್ಲಿ ದಾಖಲೆ ತೆರೆಯುವ ಮುನ್ನ ಅದಕ್ಕೆ ಸಂಬಂಧಪಟ್ಟವರನ್ನು ಕೇಳಲಾಗಿತ್ತೆಂಬುದು ಗಮನಿಸತಕ್ಕ ಅಂಶ.

ಕಾರ್ಡಿಲ್ಲದೆ ಬದುಕುವುದು ಎಲ್ಲೆಡೆಯೂ ನಮ್ಮಲ್ಲಿಯಷ್ಟು ಅಗ್ಗವಲ್ಲ. ಇಂಗ್ಲೆಂಡಿನಲ್ಲಿ ನೆಲಸಿರುವ ನನ್ನ ಅಣ್ಣನ ಮಗಳು, ಅಲ್ಲಿ ಒಂದೇ ಪದಾರ್ಥಕ್ಕೆ ಕಾರ್ಡಿನ ಬೆಲೆ, ಕಾರ್ಡಿಲ್ಲದವರ ಬೆಲೆ ಎಂದು ಎರಡು ಚೀಟಿಗಳಿರುತ್ತವೆಂದೂ, “ಇಲ್ಲಿ ನಿಮ್ಮ ತತ್ತ್ವಕ್ಕೆ ವಾರಾವಾರ ದಂಡ ಕಟ್ಟಬೇಕು ಚಿಕ್ಕಪ್ಪ” ಎಂದೂ ಹೇಳುತ್ತಾಳೆ. ಆ ರಿಯಾಯಿತಿ ಹುಸಿಯಿರಬೇಕೆಂಬ ಅನುಮಾನ ಅಲ್ಲಿಯೂ ಇತ್ತು. ಆದರೆ ಆ ದೇಶದ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರವು ಸುಮಾರು 50,000 ಪದಾರ್ಥಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇಕಡ 92ರಷ್ಟಕ್ಕೆ ಮಾಮೂಲು ಬೆಲೆಗಿಂತ ನಿಜವಾದ ಉಳಿತಾಯವಿದೆಯೆಂದು 2024ರ ನವೆಂಬರಿನಲ್ಲಿ ವರದಿ ಮಾಡಿತು. ಆ ರಿಯಾಯಿತಿ ನಿಜವಾಗಿರುವಷ್ಟರಮಟ್ಟಿಗೆ, ಮರೆಯಲ್ಲಿರಬಯಸುವವನು ತೆರಬೇಕಾದ ಕಂದಾಯವೂ ನಿಜವೆಂದಾಯಿತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ತಿಳಿದಿರುವುದು ಒಳ್ಳೆಯದು. ಜಿಎಸ್‌ಟಿ ನಿಯಮಗಳು ಸಾಮಾನ್ಯ ಗ್ರಾಹಕನ ಬಿಲ್ಲಿನಲ್ಲಿ ಹೆಸರು, ವಿಳಾಸಗಳನ್ನು ಕೇಳುವುದು 50,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಖರೀದಿಗೆ ಮಾತ್ರ. ಬೇಳೆ ಬೆಲ್ಲದ ಬಿಲ್ಲಿಗೆ ಅದು ಅನ್ವಯಿಸದು. ಸಂಖ್ಯೆ ಕೊಡದಿದ್ದರೆ ಮಾರುವುದಿಲ್ಲವೆಂದು ಒತ್ತಾಯಿಸಕೂಡದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಲ್ಲಿ ಅಂಗಡಿಗಳಿಗೆ ಸೂಚನೆ ನೀಡಿತು. ಇದೆಲ್ಲಕ್ಕೂ ಆಧಾರವಾದ ಖಾಸಗಿತನದ ಹಕ್ಕನ್ನು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು ಏಕಕಂಠದಿಂದ ಎತ್ತಿಹಿಡಿಯಿತು. ಆ ಮೊಕದ್ದಮೆಗೆ ತಮ್ಮ ಹೆಸರು ಕೊಟ್ಟ ಅರ್ಜಿದಾರರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು. ತದನಂತರ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಸಮ್ಮತಿಯೆಂಬುದು ಸ್ವತಂತ್ರವೂ ನಿರ್ದಿಷ್ಟವೂ ನಿರುಪಾಧಿಕವೂ ಆಗಿರಬೇಕೆಂದು ವಿಧಿಸುತ್ತದೆ. ಔಷಧದಂಗಡಿಯಲ್ಲಿ ರಸೀದಿಯನ್ನು ಮೊಬೈಲಿಗೆ ಕಳುಹಿಸೆಂದು ಸಂಖ್ಯೆ ಕೊಟ್ಟರೆ, ಆ ಸಂಖ್ಯೆಯನ್ನು ರಸೀದಿ ಕಳುಹಿಸುವುದಕ್ಕೆ ಬಳಸಬಹುದೆಂಬುದು ಕಾಯಿದೆಯಲ್ಲಿಯೇ ಕೊಟ್ಟಿರುವ ಉದಾಹರಣೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಸಮ್ಮತಿಗೆ ಸಂಬಂಧಿಸಿದ ವಿಧಿಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಕಾಶವನ್ನು ಕೊಡಲಾಗಿದೆ.

ಕಾನೂನು ಪೂರ್ಣವಾಗಿ ಬರುವವರೆಗೆ ನಾನು ಅನುಸರಿಸುತ್ತಿರುವ ಕ್ರಮ ಸರಳವಾದುದು. ಅಕ್ಕಿ, ಬೇಳೆ, ಸಾಬೂನುಗಳಂಥ ಸರ್ವಸಾಮಾನ್ಯ ಪದಾರ್ಥಗಳ ಮೇಲೆ ನಿಜವಾದ ರಿಯಾಯಿತಿಯಿದ್ದರೆ ಸಂಖ್ಯೆ ಕೊಡಲು ನನಗೆ ಅಭ್ಯಂತರವಿಲ್ಲ. ಅದನ್ನು ಬಾಯಲ್ಲಿ ಹೇಳದೆ ಚೀಟಿಯಲ್ಲಿ ಬರೆದು ತೋರಿಸುತ್ತೇನೆ. ಸೇರಿದ ಪಾಯಿಂಟನ್ನು ಮುಂದಿನ ಬಿಲ್ಲಿನಲ್ಲಿಯೇ ಕಳೆಯಿಸಿಬಿಡುತ್ತೇನೆ. ಆರೋಗ್ಯಕ್ಕೋ ಮಕ್ಕಳಿಗೋ ಧರ್ಮಾಚರಣೆಗೋ ಸಂಬಂಧಿಸಿದ ವಸ್ತುಗಳನ್ನು ಪ್ರತ್ಯೇಕ ಬಿಲ್ಲಿನಲ್ಲಿ, ಸಂಖ್ಯೆಯಿಲ್ಲದೆ, ನಗದು ಕೊಟ್ಟು ಕೊಳ್ಳುತ್ತೇನೆ. ನಗದೆಂದು ಹೇಳುವುದಕ್ಕೆ ಕಾರಣವುಂಟು: ಯುಪಿಐ ಮೂಲಕ ಹಣ ಸಲ್ಲಿಸಿದರೆ ನಮ್ಮ ಹೆಸರು ಅಂಗಡಿಗೆ ಮುಟ್ಟುತ್ತದೆ, ಬಹುಮಂದಿಯ ಯುಪಿಐ ವಿಳಾಸದಲ್ಲಿ ಮೊಬೈಲ್ ಸಂಖ್ಯೆಯೇ ಅಡಗಿರುವುದರಿಂದ, ಬಾಯಲ್ಲಿ ನಿರಾಕರಿಸಿದುದನ್ನು ಬೆರಳಿನಿಂದ ಒಪ್ಪಿಸಿದಂತಾಗುತ್ತದೆ. ಜಾಹೀರಾತಿನ ಕರೆಗಳ ಕಾಟವಿದ್ದವರು 1909ಕ್ಕೆ ಕರೆಮಾಡಿ ಅವುಗಳನ್ನು ತಡೆಯುವಂತೆ ನೋಂದಾಯಿಸಿಕೊಳ್ಳಬಹುದು.

ತಿಂಗಳಿಗೆ 45 ರೂಪಾಯಿ ಯಾರಿಗೂ ಲೆಕ್ಕಕ್ಕಿಲ್ಲವೆಂದು ನಾನು ಹೇಳಲಾರೆ. ಒಂದು ಲೀಟರು ಹಾಲಿನ ಬೆಲೆ ಯಾವ ಮನೆಯಲ್ಲಿ ಭಾರವೋ ಆ ಮನೆಯವರು ಸಂಖ್ಯೆ ಕೊಟ್ಟು ರಿಯಾಯಿತಿ ಪಡೆದರೆ ಅವರನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಆದರೆ ಹೀಗೆ ಕೊಡುವುದು ಒಂದು ಮಾರಾಟ, ಕೊಳ್ಳುವವನು ಅಂಗಡಿಯವನು, ಸರಕು ನಮ್ಮ ಮನೆಯ ಲೆಕ್ಕ; ಮಾರುವವನು ಸರಕೇನು, ಬೆಲೆಯೆಷ್ಟು, ಎಷ್ಟು ಕಾಲಕ್ಕೆ ಎಂದು ವಿಚಾರಿಸುವುದು ವ್ಯಾಪಾರದ ಮೊದಲನೆಯ ಪಾಠ. ಹೊಸ ಕಾಯಿದೆಯ ಪ್ರಕಾರ, ಸಮ್ಮತಿ ಕೇಳುವವರು ಏನು ಸಂಗ್ರಹಿಸುತ್ತೇವೆ, ಯಾವುದಕ್ಕೆ ಬಳಸುತ್ತೇವೆ ಎಂಬ ತಿಳಿವಳಿಕೆ ಪತ್ರವನ್ನು, ಗ್ರಾಹಕನು ಬಯಸಿದರೆ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಒದಗಿಸಬೇಕು. ಅದು ಜಾರಿಗೆ ಬಂದ ದಿನದಿಂದ ನಾನು ಸಂಖ್ಯೆ ಹೇಳುವ ಮೊದಲು ಆ ಪತ್ರವನ್ನು ಕನ್ನಡದಲ್ಲಿ ಕೇಳಿ ತರಿಸಿಕೊಂಡು, ಹಿಂದೆ ಸಾಲು ಎಷ್ಟೇ ಉದ್ದವಾಗಿದ್ದರೂ, ಆದ್ಯಂತವಾಗಿ ಓದಿಯೇ ಉತ್ತರ ಕೊಡುವವನಿದ್ದೇನೆ. ಓದುಗರಲ್ಲಿ ಬಿಡುವುಳ್ಳವರು ಕೆಲವರಾದರೂ ಹಾಗೆ ಮಾಡಿದಲ್ಲಿ, ಬಿಲ್ಲು ಹಾಕುವ ಯಂತ್ರಗಳು ಸಂಖ್ಯೆಯಿಲ್ಲದೆಯೂ ತೆರೆಯುವುದನ್ನು ಬೇಗನೆ ಕಲಿತುಕೊಳ್ಳುವುವೆಂದು ನನ್ನ ನಂಬಿಕೆ.