ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಕೂದಲು ಉದುರುವುದು

ಅತಿಯಾದ ಬೊಜ್ಜಿನಿಂದ ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಮೊಣಕಾಲು ನೋವು, ಸ್ತ್ರೀಯರಲ್ಲಿ ಮುಟ್ಟಿನ ಏರುಪೇರು ಮುಂತಾದ ತೊಂದರೆಗಳು ಉಂಟಾಗುತ್ತವೆ. ಪಥ್ಯ, ವ್ಯಾಯಾಮ ಮತ್ತು ಔಷಧಗಳಿಂದ ಗುಣ ಕಾಣದ ಕೆಲವರಿಗೆ ವೈದ್ಯರು ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. 1966ರಲ್ಲಿ ಅಮೆರಿಕೆಯ ಅಯೋವಾದಲ್ಲಿ ಡಾ. ಎಡ್ವರ್ಡ್ ಮೇಸನ್ ಅವರು ಆರಂಭಿಸಿದ ಈ ಬಗೆಯ ಚಿಕಿತ್ಸೆ ಇಂದು ನಮ್ಮ ರಾಜ್ಯದ ದೊಡ್ಡ ನಗರಗಳಲ್ಲಿಯೂ ದೊರೆಯುತ್ತದೆ.

ಗದಗ ಜಿಲ್ಲೆಯ ಮುಳಗುಂದದಂತಹ ಊರಿನಿಂದ ನಗರಕ್ಕೆ ಹೋಗಿ ಚಿಕಿತ್ಸೆ ಪಡೆದವರು ಮುಂದಿನ ತಿಂಗಳುಗಳನ್ನು ತಮ್ಮ ಮನೆಯಲ್ಲಿಯೇ ಕಳೆಯಬೇಕಾಗುತ್ತದೆ. ಶಸ್ತ್ರವೈದ್ಯರು ದೂರವಿರುತ್ತಾರೆ, ನೆರೆಹೊರೆಯವರ ಮಾತು ಹತ್ತಿರವಿರುತ್ತದೆ. ಮೂರನೆಯ ಅಥವಾ ನಾಲ್ಕನೆಯ ತಿಂಗಳಲ್ಲಿ ತಲೆ ಬಾಚುವಾಗ ಹಿಡಿಯಷ್ಟು ಕೂದಲು ಕೈಗೆ ಬಂದರೆ ಎಂಥವರಿಗೂ ಎದೆ ಹಾರುತ್ತದೆ. ಈ ಭಯದಿಂದ ಕೆಲವರು ವೈದ್ಯರು ಕೊಟ್ಟ ಮಾತ್ರೆಗಳನ್ನೇ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡುವುದರಿಂದ ತಾನಾಗಿ ಗುಣವಾಗಬಹುದಾಗಿದ್ದ ತೊಂದರೆಯು ನಿಜವಾದ ಕಾಯಿಲೆಯಾಗಿ ಪರಿಣಮಿಸಬಹುದು. ಆದುದರಿಂದ ಈ ವಿಷಯವನ್ನು ನೀವು ಸರಿಯಾಗಿ ತಿಳಿದುಕೊಳ್ಳುವುದು ಅವಶ್ಯಕ.

ಕೂದಲು ಏಕೆ ಉದುರುತ್ತದೆ?

ನಮ್ಮ ನೆತ್ತಿಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ 2ರಿಂದ 6 ವರ್ಷಗಳ ಕಾಲ ಬೆಳೆದು, ಸುಮಾರು 3 ತಿಂಗಳು ವಿಶ್ರಮಿಸಿ, ಅನಂತರ ಉದುರುತ್ತದೆ. ಅದೇ ಸ್ಥಾನದಲ್ಲಿ ಹೊಸ ಕೂದಲು ಹುಟ್ಟುತ್ತದೆ. ಆರೋಗ್ಯವಂತರಲ್ಲಿಯೂ ದಿನಕ್ಕೆ 50ರಿಂದ 100 ಕೂದಲುಗಳು ಉದುರುವುದು ಸಹಜ.

ಶಸ್ತ್ರಚಿಕಿತ್ಸೆಯ ಆಘಾತ ಮತ್ತು ತೂಕದ ತೀವ್ರ ಇಳಿತಗಳಿಂದ ಶರೀರವು ತನ್ನ ಶಕ್ತಿಯನ್ನು ಹೃದಯ, ಮಿದುಳು ಮೊದಲಾದ ಮುಖ್ಯ ಅವಯವಗಳಿಗೆ ಮೀಸಲಿಡುತ್ತದೆ. ಆಗ ಬೆಳೆಯುತ್ತಿದ್ದ ಅನೇಕ ಕೂದಲುಗಳು ಒಮ್ಮೆಲೇ ವಿಶ್ರಾಂತಿಯ ಹಂತವನ್ನು ಸೇರುತ್ತವೆ. ಆ ಹಂತ ಮುಗಿಯಲು ಸುಮಾರು 3 ತಿಂಗಳು ಬೇಕಾಗುವುದರಿಂದ, ಗಾಯ ಮಾಯ್ದು ನೀವು ಚೇತರಿಸಿಕೊಂಡ ಮೇಲೆ ಕೂದಲು ಉದುರತೊಡಗುತ್ತದೆ. ಹೆರಿಗೆಯಾದ ಕೆಲವು ತಿಂಗಳ ಮೇಲೆ ಬಾಣಂತಿಯರಿಗೂ, ವಿಷಮಶೀತ ಜ್ವರದಿಂದ ಎದ್ದವರಿಗೂ ಕೂದಲು ಉದುರುವುದನ್ನು ನೀವು ಕಂಡಿರಬಹುದು. ಇವೆಲ್ಲವೂ ಒಂದೇ ಜಾತಿಯವು. 1961ರಲ್ಲಿ ಚರ್ಮರೋಗ ತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಅವರು ಇದನ್ನು ಪ್ರತ್ಯೇಕವಾಗಿ ಗುರುತಿಸಿ ವಿವರಿಸಿದರು.

ಉದುರಿದ ಕೂದಲಿನ ತುದಿಯಲ್ಲಿ ಬಿಳಿಯ ಸಣ್ಣ ಗಂಟೊಂದು ಕಾಣುತ್ತದೆ. ಬೇರೇ ಕಿತ್ತುಬಂದಿತೆಂದು ಅನೇಕರು ಹೆದರುವರು. ಅದು ವಿಶ್ರಾಂತಿಯನ್ನು ಮುಗಿಸಿದ ಕೂದಲಿನ ಬುಡ ಮಾತ್ರ. ಹೊಸ ಕೂದಲನ್ನು ಹುಟ್ಟಿಸುವ ಮೂಲವು ಚರ್ಮದೊಳಗೆ ಸುರಕ್ಷಿತವಾಗಿರುತ್ತದೆ.

ಎಷ್ಟು ಕಾಲ ಇರುತ್ತದೆ?

ಸಾಮಾನ್ಯವಾಗಿ ಚಿಕಿತ್ಸೆಯ 3ನೆಯ ಅಥವಾ 4ನೆಯ ತಿಂಗಳಲ್ಲಿ ಆರಂಭವಾಗಿ, ಕೆಲವು ತಿಂಗಳು ಮುಂದುವರಿದು, ವರ್ಷ ತುಂಬುವುದರೊಳಗೆ ನಿಲ್ಲುತ್ತದೆ. ಹಣೆಯ ಅಂಚಿನಲ್ಲಿ ಗಿಡ್ಡನೆಯ ಹೊಸ ಕೂದಲು ಕಾಣಿಸಿದರೆ ಅದು ಶುಭಸೂಚನೆ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರು ಬೆಳೆಯುವುದರಿಂದ ಮೊದಲಿನ ಉದ್ದದ ಜಡೆಯನ್ನು ಕಾಣಲು ಕೆಲವು ವರ್ಷಗಳೇ ಬೇಕಾದಾವು. ತಾಳ್ಮೆ ಅಗತ್ಯ.

ಆಹಾರದಲ್ಲಿ ಗಮನಿಸಬೇಕಾದುದು

ಕೂದಲು ಬಹುತೇಕ ಸಸಾರಜನಕದಿಂದ, ಎಂದರೆ ಪ್ರೋಟೀನಿನಿಂದ ಆದುದು. ಚಿಕಿತ್ಸೆಯ ನಂತರ ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಬೇಕೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಕಿರಿದಾದ ಜಠರಕ್ಕೆ ಇದು ಸುಲಭವಲ್ಲ. 2 ಮೊಟ್ಟೆಗಳಿಂದ 12 ಗ್ರಾಂ, ಅರ್ಧ ಲೀಟರು ಹಾಲು ಮೊಸರಿನಿಂದ ಸುಮಾರು 16 ಗ್ರಾಂ, 50 ಗ್ರಾಂ ಹೆಸರು ಅಥವಾ ತೊಗರಿಬೇಳೆಯಿಂದ ಸುಮಾರು 11 ಗ್ರಾಂ, ಒಂದು ಹಿಡಿ ಪುಟಾಣಿಯಿಂದ ಸುಮಾರು 6 ಗ್ರಾಂ ದೊರೆತರೂ ಒಟ್ಟು 45 ಗ್ರಾಂ ಮಾತ್ರ ಆಗುತ್ತದೆ. ಉಳಿದುದನ್ನು ಪನೀರು, ಸೋಯಾ, ಮೀನು, ಮಾಂಸಗಳಿಂದ ಅಥವಾ ವೈದ್ಯರು ಸೂಚಿಸಿದ ಪ್ರೋಟೀನು ಪುಡಿಯಿಂದ ತುಂಬಿಕೊಳ್ಳಬೇಕು.

ನಮ್ಮ ಭಾಗದಲ್ಲಿ ಊಟವೆಂದರೆ ಮೊದಲು ರೊಟ್ಟಿ. ಈಗ ಆ ಕ್ರಮವನ್ನು ಬದಲಿಸಿರಿ. ಮೊದಲು ಕಾಳುಪಲ್ಯ, ಬೇಳೆ, ಮೊಸರು ಅಥವಾ ಮೊಟ್ಟೆ. ಅನಂತರ ಜಾಗವಿದ್ದರೆ ಮೆತ್ತಗಿನ ರೊಟ್ಟಿಯ ಚೂರು ಅಥವಾ ಜೋಳದ ನುಚ್ಚು. ಮೊದಲ ವಾರಗಳಲ್ಲಿ ದ್ರವಾಹಾರ, ಮುಂದೆ ಮಿದುವಾದ ಆಹಾರ ಎಂದು ವೈದ್ಯರು ವಿಧಿಸಿದ ಕ್ರಮವನ್ನು ಮೀರಬಾರದು. ಚೆನ್ನಾಗಿ ಅಗಿದು ನಿಧಾನವಾಗಿ ಉಣ್ಣಿರಿ. ಊಟದೊಡನೆ ನೀರು ಕುಡಿಯದೆ, ಅರ್ಧ ಗಂಟೆಯ ನಂತರ ಗುಟುಕು ಗುಟುಕಾಗಿ ಕುಡಿಯಿರಿ.

ಮಾತ್ರೆಗಳನ್ನು ಬಿಡಬಾರದು

ಕಬ್ಬಿಣಾಂಶವು ಮುಖ್ಯವಾಗಿ ಸಣ್ಣ ಕರುಳಿನ ಮೊದಲ ಭಾಗದಲ್ಲಿ ರಕ್ತಕ್ಕೆ ಸೇರುತ್ತದೆ. ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಆಹಾರವು ಆ ಭಾಗವನ್ನು ಮುಟ್ಟದೆಯೇ ಮುಂದೆ ಸಾಗುತ್ತದೆ. ಆದುದರಿಂದ ಕಬ್ಬಿಣ, ಸತು, ಸುಣ್ಣದಂಶ, ‘ಬಿ-12’ ಮತ್ತು ‘ಡಿ’ ಜೀವಸತ್ವಗಳ ಕೊರತೆ ಉಂಟಾಗಬಲ್ಲದು. ಸೂಚಿಸಿದ ಮಾತ್ರೆಗಳನ್ನು ಜೀವನಪರ್ಯಂತ ಸೇವಿಸಬೇಕಾಗುತ್ತದೆ. ಕಬ್ಬಿಣದ ಮಾತ್ರೆಗೂ ಸುಣ್ಣದಂಶದ ಮಾತ್ರೆಗೂ ನಡುವೆ ಕನಿಷ್ಠ 2 ಗಂಟೆಗಳ ಅಂತರವಿರಲಿ. ಕಬ್ಬಿಣದ ಮಾತ್ರೆಯೊಡನೆ ಚಹಾ ಕುಡಿಯಬಾರದು. ಲಿಂಬೆ ಹಣ್ಣಿನ ರಸ ಒಳ್ಳೆಯದು.

ಕೂದಲಿಗೆಂದು ಅಂಗಡಿಯಿಂದ ತಾವಾಗಿ ಮಾತ್ರೆ ಕೊಳ್ಳುವುದು ತರವಲ್ಲ. ‘ಎ’ ಜೀವಸತ್ವವು ಅತಿಯಾದರೆ ಅದರಿಂದಲೇ ಕೂದಲು ಉದುರುತ್ತದೆ. ಬಯೋಟಿನ್ ಮಾತ್ರೆಯು ಥೈರಾಯ್ಡ್ ಮೊದಲಾದ ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು. ಸೇವಿಸುತ್ತಿದ್ದರೆ ಪರೀಕ್ಷೆಗೆ ಮೊದಲೇ ತಿಳಿಸಬೇಕು.

ಕೂದಲಿನ ಆರೈಕೆ

1. ಅಗಲ ಹಲ್ಲಿನ ಬಾಚಣಿಗೆಯನ್ನು ಬಳಸಿರಿ. ಬಿಗಿಯಾದ ಜಡೆ, ತುರುಬು ಬೇಡ.
2. ತಲೆಸ್ನಾನ ನಿಲ್ಲಿಸಬೇಡಿರಿ. ಸ್ನಾನದಲ್ಲಿ ಬರುವುದು ಮೊದಲೇ ಸಡಿಲವಾದ ಕೂದಲು.
3. ಎಣ್ಣೆಯು ಕೂದಲನ್ನು ನಯಗೊಳಿಸೀತು, ಹೊಸದನ್ನು ಹುಟ್ಟಿಸಲಾರದು. ತಿಕ್ಕಿ ತಿಕ್ಕಿ ಹಚ್ಚಬೇಡಿರಿ.
4. ಕೂದಲನ್ನು ಸ್ವಲ್ಪ ಗಿಡ್ಡಗೆ ಕತ್ತರಿಸಿಕೊಂಡರೆ ತೆಳುವಾದುದು ಅಷ್ಟಾಗಿ ಕಾಣುವುದಿಲ್ಲ.

ಗರ್ಭಧಾರಣೆಯ ವಿಷಯ

ತೂಕ ಇಳಿದಂತೆ ಮುಟ್ಟು ಕ್ರಮಗೊಂಡು, ಮಕ್ಕಳಾಗದೆಂದು ನಂಬಿದ್ದ ಸ್ತ್ರೀಯರಿಗೂ ಗರ್ಭ ನಿಲ್ಲುವ ಸಂಭವವಿದೆ. ಚಿಕಿತ್ಸೆಯ ನಂತರ 12ರಿಂದ 18 ತಿಂಗಳವರೆಗೆ ಗರ್ಭ ಧರಿಸದಿರುವುದು ತಾಯಿಗೂ ಮಗುವಿಗೂ ಕ್ಷೇಮ. ಏಕೆಂದರೆ ಆಗ ತಾಯಿಯ ಶರೀರದಲ್ಲಿಯೇ ಪೋಷಕಾಂಶಗಳ ಅಭಾವವಿರುತ್ತದೆ. ಕೆಲವು ಬಗೆಯ ಶಸ್ತ್ರಚಿಕಿತ್ಸೆಯಾದವರಲ್ಲಿ ನುಂಗುವ ಗರ್ಭನಿರೋಧಕ ಗುಳಿಗೆಗಳು ಸರಿಯಾಗಿ ರಕ್ತಕ್ಕೆ ಸೇರದಿರಬಹುದು. ವಂಕಿ (ಕಾಪರ್-ಟಿ) ಅಥವಾ ನಿರೋಧದ ಬಗ್ಗೆ ಪತಿಪತ್ನಿಯರಿಬ್ಬರೂ ಕೂಡಿ ವೈದ್ಯರನ್ನು ಕೇಳಿರಿ. ಇವು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ.

ವೈದ್ಯರನ್ನು ಯಾವಾಗ ಕಾಣಬೇಕು?

ಒಂದು ವರ್ಷ ಕಳೆದರೂ ಕೂದಲು ಉದುರುವುದು ನಿಲ್ಲದಿದ್ದರೆ, ಅಥವಾ ಬಹಳ ತಡವಾಗಿ ಆರಂಭವಾದರೆ, ಪೋಷಣೆಯ ಕೊರತೆಯನ್ನು ಶಂಕಿಸಬೇಕು. ದುಂಡಗೆ ಬೋಳಾಗುವುದು, ನೆತ್ತಿಯಲ್ಲಿ ಕೆಂಪು ಅಥವಾ ಹಕ್ಕಳೆ, ಮುಖ ಬಿಳಿಚಿಕೊಳ್ಳುವುದು, ಏದುಸಿರು, ಕಾಲು ಬಾವು ಇವು ಕಂಡರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಅಥವಾ ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಿ ತೋರಿಸಿ ರಕ್ತಪರೀಕ್ಷೆ ಮಾಡಿಸಿರಿ. ಎಡೆಬಿಡದ ವಾಂತಿ, ನಡಿಗೆಯಲ್ಲಿ ತೂರಾಟ, ಕಣ್ಣು ಮಂಜಾಗುವುದು ಅಥವಾ ಬುದ್ಧಿಭ್ರಮೆ ಕಂಡುಬಂದರೆ ಒಂದು ದಿನವೂ ತಡಮಾಡಬಾರದು. ‘ಬಿ-1’ ಜೀವಸತ್ವದ ಅಭಾವವು ಮಿದುಳಿಗೆ ಶಾಶ್ವತ ಹಾನಿ ಮಾಡಬಲ್ಲದು. ಶಸ್ತ್ರಚಿಕಿತ್ಸೆಯ ಚೀಟಿಯನ್ನು ತಪ್ಪದೆ ಜೊತೆಗೆ ಒಯ್ಯಿರಿ.

ಮನೆಯವರಿಗೆ ಎರಡು ಮಾತು

ಇಂಥ ಸಮಯದಲ್ಲಿ ಕುಟುಂಬದ ಸಹಕಾರವು ಔಷಧದಷ್ಟೇ ಮುಖ್ಯ. “ಆಪರೇಷನ್ ಮಾಡಿಸಿ ತಲೆ ಬೋಳು ಮಾಡಿಕೊಂಡಳು” ಎಂಬಂತಹ ಮಾತುಗಳು ರೋಗಿಯನ್ನು ಮೂಲೆಗೆ ತಳ್ಳುತ್ತವೆ. ಎಲ್ಲರೂ ಉಂಡ ಮೇಲೆ ಉಳಿದುದನ್ನು ತಾನುಣ್ಣುವ ಗೃಹಿಣಿಯ ಪಾಲಿಗೆ ಬೇಳೆಯ ತಿಳಿ ಮಾತ್ರ ಬಂದೀತು. ಅವಳ ಪಾಲಿನ ಮೊಟ್ಟೆ, ಹಾಲು, ಕಾಳುಗಳನ್ನು ಮೊದಲೇ ತೆಗೆದಿಡಿರಿ. ಮಾತ್ರೆಯ ವೇಳೆಯನ್ನು ನೆನಪಿಸಿರಿ. ಉದುರಿದ ಕೂದಲು ಮರಳಿ ಬರುತ್ತದೆ. ಅದು ಬರುವವರೆಗೆ ಶರೀರಕ್ಕೆ ಬೇಕಾದ ಆಹಾರವನ್ನೂ ಮನಸ್ಸಿಗೆ ಬೇಕಾದ ಧೈರ್ಯವನ್ನೂ ಒದಗಿಸುವುದು ಮನೆಮಂದಿಯೆಲ್ಲರ ಕರ್ತವ್ಯ.